ಕೋಟಿಯ ಮೇಲೊಂದು

ಕುಮಾರಸ್ವಾಮಿ ತನ್ನ ಐವತ್ತೆರಡು ವರ್ಷದ ಬಾಳಿನಲ್ಲಿ ಆಡಿದ ಮಾತುಗಳಲ್ಲೆಲ್ಲ ಅತ್ಯಂತ ನಿಜವಾದದ್ದು ಯಾವುದೋ, ಅದೇ ಅವನ ಕುತ್ತಿಗೆಗೆ ಸುತ್ತಿಕೊಂಡಿತು. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಅರಸೀಕೆರೆ ಬೇಕಾದಷ್ಟು ಕಂಡಿದೆ. ನಿಜ ಹೇಳಿ, ಅದರಲ್ಲೂ ಗಣಿತದ ನಿಜ ಹೇಳಿ ಸಿಕ್ಕಿಬಿದ್ದವನು ಬಹುಶಃ ಇವನೊಬ್ಬನೇ.

ಕೋವಿಡ್ಡಿನ ಎರಡನೇ ಅಲೆಯ ಕಾಲ. ಅವನ ತಂದೆ, ಕೊಬ್ಬರಿ ಮಂಡಿಯ ಗಂಗಾಧರಯ್ಯನವರು, ಹಾಸನದ ಆಸ್ಪತ್ರೆಯೊಂದರಲ್ಲಿ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಸಿಕೊಂಡು ಮಲಗಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅರಸೀಕೆರೆಯ ಮನೆಯಲ್ಲಿ ತಾಯಿ ಗುರುಸಿದ್ದಮ್ಮ ದೇವರ ಕೋಣೆಯ ಮುಂದೆ ಕೂತು ಹರಕೆ ಹೊತ್ತರು: ಇವರು ಎದ್ದು ಮನೆಗೆ ಬಂದರೆ, ಮನೆಯವರೆಲ್ಲ ಸೇರಿ ‘ನಮಃ ಶಿವಾಯ’ ಎಂದು ಕೋಟಿ ಸಲ ಬರೆದು ಮಠದ ಗದ್ದುಗೆಗೆ ಒಪ್ಪಿಸುವುದು. ಕೋಟಿ ಅಂದ ಬಾಯಿ ಅಲ್ಲಿಗೇ ನಿಲ್ಲಲಿಲ್ಲ. ಮುಯ್ಯಿ ಕವರಿನಲ್ಲಿ ಐನೂರರ ನೋಟಿನ ಜೊತೆಗೆ ಒಂದು ರೂಪಾಯಿ ನಾಣ್ಯ ಬೀಳದಿದ್ದರೆ ಆ ಮನೆಯಲ್ಲಿ ಯಾರೂ ಮದುವೆಗೆ ಹೊರಡುತ್ತಿರಲಿಲ್ಲ. ಸೊನ್ನೆಯಲ್ಲಿ ಮುಗಿದದ್ದು ಮುಂದೆ ಬೆಳೆಯುವುದಿಲ್ಲ ಎಂಬ ನಂಬಿಕೆ. ಹಾಗಾಗಿ ಕೋಟಿಯ ಮೇಲೊಂದು.

ಜೊತೆಗೊಂದು ಷರತ್ತು. ಹಿಂದೊಮ್ಮೆ ಮನೆಯಲ್ಲಿ ಲಕ್ಷ ಬರೆದಾಗ ಕಿರಿಸೊಸೆ “ಅದರಲ್ಲಿ ನಲವತ್ತು ಸಾವಿರ ನಂದೇ” ಎಂದು ಹತ್ತು ವರ್ಷ ಹೇಳಿಕೊಂಡು ತಿರುಗಿದ್ದಳು. ಹಿರಿಸೊಸೆ, ಅಂದರೆ ಕುಮಾರಸ್ವಾಮಿಯ ಹೆಂಡತಿ ಹೇಮಲತಾ, ಅದನ್ನು ಹತ್ತು ವರ್ಷ ಕೇಳಿಸಿಕೊಂಡಿದ್ದಳು. ಎರಡರಲ್ಲಿ ಯಾವುದು ದೊಡ್ಡ ತಪಸ್ಸು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

“ಈ ಸಲ ಎಲ್ರೂ ಸಮ,” ಎಂದು ಗುರುಸಿದ್ದಮ್ಮ ಫೋನಿನಲ್ಲಿ ಮಗನಿಗೆ ಹೇಳಿದರು. “ಒಬ್ಬರದ್ದು ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನೀನು ಲೆಕ್ಕದ ಮೇಷ್ಟ್ರಲ್ವಾ, ತಲೆಗೆ ಎಷ್ಟೆಷ್ಟು ಬತ್ತೈತೆ ನೋಡಿ ಹೇಳು.”

ಕುಮಾರಸ್ವಾಮಿ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು. ದೇವರ ಬಗ್ಗೆ ಅವನಿಗೆ ಜಗಳವೇನೂ ಇರಲಿಲ್ಲ, ಪರಿಚಯವೂ ಇರಲಿಲ್ಲ. ಭಕ್ತನಲ್ಲದಿದ್ದರೂ ಅವಿಭಕ್ತ ಕುಟುಂಬದವನು, ಅಷ್ಟೆ. ಆಸ್ಪತ್ರೆಯ ಹೊರಗೆ ಹೊಂಗೆ ಮರದ ಕೆಳಗೆ ಕೂತು, ಔಷಧಿ ಅಂಗಡಿಯ ಚೀಟಿಯ ಹಿಂಬದಿಯಲ್ಲಿ ಬರೆದ: ೧,೦೦,೦೦,೦೦೧. ಬರೀ ಕೋಟಿಯಾಗಿದ್ದರೆ ಎರಡಕ್ಕೆ, ನಾಲ್ಕಕ್ಕೆ, ಐದಕ್ಕೆ, ಹತ್ತಕ್ಕೆ, ಕೇಳಿದವರಿಗೆಲ್ಲ ಭಾಗವಾಗಿ ಹೋಗುತ್ತಿತ್ತು. ಅಂಥ ಧಾರಾಳಿ ಸಂಖ್ಯೆ ಇನ್ನೊಂದಿಲ್ಲ. ತಾಯಿ ಸೇರಿಸಿದ ಆ ಒಂದು ಬಂದು ಎಲ್ಲ ಬಾಗಿಲೂ ಹಾಕಿಬಿಟ್ಟಿತ್ತು. ಎರಡಕ್ಕೆ ಹೋಗಲಿಲ್ಲ. ಮೂರಕ್ಕೆ, ಐದಕ್ಕೆ, ಏಳಕ್ಕೆ ಇಲ್ಲ. ಹನ್ನೊಂದಕ್ಕೆ ಮಾತ್ರ ಬಾಗಿಲು ತೆರೆಯಿತು. ಒಂಬತ್ತು ಲಕ್ಷದ ಒಂಬತ್ತು ಸಾವಿರದ ತೊಂಬತ್ತೊಂದು ಬಂತು, ಶೇಷ ಸೊನ್ನೆ.

ಆ ಒಂಬತ್ತು ಲಕ್ಷ ಚಿಲ್ಲರೆಯನ್ನಾದರೂ ಒಡೆಯಬಹುದೇ ಎಂದು ನೋಡಿದ. ಅದಕ್ಕೆ ಒಂಬೈನೂರ ಐವತ್ಮೂರರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದೆಲ್ಲ ಭಾಗಿಸಿ ನೋಡಬೇಕು. ಅಂಥವು ನೂರ ಅರವತ್ತೆರಡು. ಮೊಬೈಲಿನಲ್ಲಿ ಒಂದು ಕ್ಷಣದ ಕೆಲಸ. ಅವನು ಕೈಯಲ್ಲೇ ಮಾಡಿದ. ಒಳಗೆ ಅಪ್ಪನ ಆಕ್ಸಿಜನ್ ಎಂಬತ್ತೆರಡಕ್ಕೆ ಇಳಿದಿದ್ದ ಆ ಎರಡು ದಿನ ಅವನ ಕೈಯಲ್ಲಿ ಆಗುವಂಥ ಕೆಲಸ ಅದೊಂದೇ ಇತ್ತು. ನೂರ ಅರವತ್ತೆರಡೂ ಶೇಷ ಉಳಿಸಿಯೇ ಹೋದವು. ಒಂಬತ್ತು ಲಕ್ಷದ ಒಂಬತ್ತು ಸಾವಿರದ ತೊಂಬತ್ತೊಂದು ಯಾರಿಗೂ ಬಗ್ಗದ ಸಂಖ್ಯೆ.

ತಾಯಿಗೆ ಫೋನು ಮಾಡಿದ. “ಅಮ್ಮ, ಇದು ಸಮನಾಗಿ ಹೋಗೋದು ಹನ್ನೊಂದು ಜನಕ್ಕೆ ಮಾತ್ರ. ಇಲ್ಲಾಂದ್ರೆ ಒಬ್ಬರೇ ಕೂತು ಅಷ್ಟನ್ನೂ ಬರೀಬೇಕು. ಅದೂ ಬೇಡ ಅಂದ್ರೆ ಒಂಬತ್ತು ಲಕ್ಷಕ್ಕೂ ಮೇಲೆ ಜನ ಬೇಕು. ಅರಸೀಕೆರೆ, ಬೇಲೂರು ಎರಡೂ ತಾಲ್ಲೂಕು ಗುಡಿಸಿ ತಂದ್ರೂ ಅಷ್ಟು ಜನ ಸಿಗಲ್ಲ. ಹನ್ನೊಂದು ಬಿಟ್ರೆ ಬೇರೆ ದಾರಿನೇ ಇಲ್ಲ.”

ಆ ಕಡೆ ತಾಯಿ ಬೆರಳು ಮಡಚುತ್ತಿದ್ದಾರೆಂದು ಅವನಿಗೆ ಗೊತ್ತಾಯಿತು. ಅಪ್ಪ, ಅಮ್ಮ ಇಬ್ಬರು. ಅವನು, ಹೇಮಲತಾ, ಮಗಳು ಸ್ವಾತಿ ಮೂವರು. ಮಾದಿಹಳ್ಳಿಯಲ್ಲಿ ತೋಟ ನೋಡಿಕೊಳ್ಳುವ ತಮ್ಮ ಶರತ್ಚಂದ್ರನ ಮನೆಯಲ್ಲಿ ನಾಲ್ವರು. ಬೇಲೂರಿನಲ್ಲಿ ತಂಗಿ ಮತ್ತು ಅವಳ ಗಂಡ ಇಂದ್ರೇಶ್.

“ನಾವು ಹನ್ನೊಂದೇ ಜನ ಕಣೋ,” ಎಂದರು ಗುರುಸಿದ್ದಮ್ಮ. ಧ್ವನಿ ಬೇರೆಯಾಗಿತ್ತು.

ಒಂಬತ್ತನೇ ದಿನ ಗಂಗಾಧರಯ್ಯನವರು ತಾವೇ ನಡೆದುಕೊಂಡು ಕಾರು ಹತ್ತಿದರು. ಮಠದ ಅಯ್ಯನವರು ಎಲ್ಲ ಕೇಳಿ, “ಏಕಾದಶ ರುದ್ರರಲ್ಲವೇ ತಾಯಿ, ಹನ್ನೊಂದು!” ಎಂದುಬಿಟ್ಟರು. ಅಲ್ಲಿಗೆ ಭಾಗಾಕಾರ ಹೋಗಿ ಭಾಗ್ಯವಾಯಿತು. ಲೆಕ್ಕ ಮಾಡಿದವನು ಪಕ್ಕಕ್ಕೆ ಸರಿದ, ಲೆಕ್ಕ ಮಾತ್ರ ಪೂಜೆಗೆ ಕೂತಿತು.

ದಿನಕ್ಕೆ ಆರುನೂರ ಇಪ್ಪತ್ತೈದು ಬರೆದರೆ ನಾಲ್ಕು ವರ್ಷದೊಳಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ ಕೊಟ್ಟವನೂ ಅವನೇ. ಇನ್ನೂರು ಪುಟದ ನೋಟ್‌ಬುಕ್ಕು, ಪುಟಕ್ಕೆ ನೂರೈವತ್ತು, ತಲೆಗೆ ಮೂವತ್ತೊಂದು ಪುಸ್ತಕ. ತುಂಬಿದ ಪುಸ್ತಕಗಳನ್ನು ಅವರವರ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಕೋಣೆಯಲ್ಲಿಡುವುದು. ಒಬ್ಬರ ಗಂಟನ್ನು ಇನ್ನೊಬ್ಬರು ಬಿಚ್ಚುವಂತಿಲ್ಲ.

ಕುಮಾರಸ್ವಾಮಿ ಎಂಟು ತಿಂಗಳು ನಿಯತ್ತಾಗಿ ಬರೆದ. ಐದು ಪುಸ್ತಕ ತುಂಬಿದವು. ಆಮೇಲೆ ಮೌಲ್ಯಮಾಪನಕ್ಕೆಂದು ಹೋಗಿ ಒಂದು ವಾರ ತಪ್ಪಿತು. ಬಂದಾಗ ಬಾಕಿ ನಾಲ್ಕು ಸಾವಿರದ ಮುನ್ನೂರ ಎಪ್ಪತ್ತೈದು. ನಾಳೆ ಎರಡು ಪಟ್ಟು ಬರೆಯೋಣ ಎಂದುಕೊಂಡ. ನಾಳೆಗೂ ನಾಳೆ ಇತ್ತು. ತಿಂಗಳು ಕಳೆಯಿತು, ಬಾಕಿ ಹದಿನೆಂಟು ಸಾವಿರ ದಾಟಿತು. ಬಾಕಿ ಹೇಗೆ ಬೆಳೆಯುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುವವನಿಗೆ ಆ ಗೆರೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಿಕೊಡಬೇಕಾಗಿರಲಿಲ್ಲ. ಶಿವರಾತ್ರಿಗೆ ಎಲ್ಲರೂ ಗಂಟಿಗೆ ಪುಸ್ತಕ ಸೇರಿಸುವಾಗ ಅವನೂ ಸೇರಿಸಿದ, ಆಮೇಲೆ ತುಂಬಿದರಾಯಿತು ಎಂದುಕೊಂಡು, ಖಾಲಿಯವನ್ನು. ಮುಂದಿನ ಶಿವರಾತ್ರಿಗೂ ಅದೇ. ಯಾರೂ ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ. ಹೀಗಾಗಿ ಅವನ ಮಟ್ಟಿಗೆ ಅದು ಸುಳ್ಳು ಎಂದು ಆಗಿಯೇ ಇರಲಿಲ್ಲ. ಕೋಟಿಯನ್ನು ಯಾರು ಕೂತು ಎಣಿಸುತ್ತಾರೆ?

ನಾಲ್ಕನೇ ವರ್ಷದ ಕೊನೆಗೆ ಗುರುಸಿದ್ದಮ್ಮನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿಯಲು ಶುರುವಾಯಿತು. ಹೃದಯದ ವಾಲ್ವು ಕಿರಿದಾಗಿದೆ, ಬದಲಾಯಿಸಬೇಕು ಎಂದರು ಹಾಸನದ ಡಾಕ್ಟರು. “ಒಂದು ತಿಂಗಳೊಳಗೆ ಮಾಡಿಸಿಬಿಡಿ. ಅದಕ್ಕಿಂತ ತಡ ಮಾಡಿದರೆ ನಾನು ಹೊಣೆಯಲ್ಲ.” ಮೈಸೂರಿನ ಆಸ್ಪತ್ರೆಯಲ್ಲಿ ಸರಿಯಾಗಿ ಮೂವತ್ತನೇ ದಿನಕ್ಕೆ, ಒಂದು ಸೋಮವಾರ, ಆಪರೇಷನ್ ಗೊತ್ತಾಯಿತು.

“ಬರೆಯೋದೆಲ್ಲಾ ಆಗೈತಲ್ಲ, ಮೊದಲು ಹರಕೆ ಒಪ್ಪಿಸಿಬಿಡಾನ,” ಎಂದರು ಗುರುಸಿದ್ದಮ್ಮ. “ಆಮೇಲೆ ಎಲ್ಲಿ ಬೇಕಾದ್ರೂ ಕುಯ್ಕೊಳ್ಳಿ.”

ಶನಿವಾರ ಮನೆಯವರೆಲ್ಲ ಸೇರಿದರು. ಮಾದಿಹಳ್ಳಿಯಿಂದ ಶರತ್ಚಂದ್ರ ಸಂಸಾರ ಸಮೇತ ಬಂದ. ಬೇಲೂರಿನಿಂದ ತಂಗಿ, ಇಂದ್ರೇಶ್. ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಇಂದ್ರೇಶನ ಗಂಟಲಲ್ಲಿ ಅರ್ಧ ಜಿಲ್ಲೆ ವಾಸವಾಗಿತ್ತು. ಯಾರ ಧ್ವನಿ ಕೇಳಿದರೂ ತೆಗೆದುಕೊಡುತ್ತಿದ್ದ. ಮಠಕ್ಕೆ ಒಯ್ಯಲು ಗಂಟುಗಳನ್ನು ನಡುಮನೆಯ ಬೆಂಚಿನ ಮೇಲೆ ಒಂದೊಂದಾಗಿ ತಂದಿಡುತ್ತಾ ಕುಮಾರಸ್ವಾಮಿಯ ಧ್ವನಿ ಹಿಡಿದ.

“ಮಕ್ಳೇ, ಗಮನ ಇಲ್ಲಿ! ಕೋಟಿ ಮೇಲೊಂದು ಎಷ್ಟಕ್ಕೆ ಹೋಗುತ್ತೆ? ಹಿಂದಿನ ಬೆಂಚು, ಎದ್ದೇಳಯ್ಯಾ! ಹನ್ನೊಂದಕ್ಕೆ ಹೋಗುತ್ತೆ. ನೀನೆಲ್ಲಿಗೆ ಹೋಗ್ತೀಯ? ಆಚೆಗೆ ಹೋಗು!”

ಮಕ್ಕಳು ಬಿದ್ದು ಬಿದ್ದು ನಕ್ಕರು. ಗುರುಸಿದ್ದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕು ಕೆಮ್ಮಿದರು.

“ಹಳೇಬೀಡಲ್ಲಿ ಆ ಆನೆ ಸಾಲು ಕೆತ್ತಿದ್ನಲ್ಲ ಭಾವ,” ಎಂದ ಇಂದ್ರೇಶ್, ತನ್ನ ಧ್ವನಿಗೆ ಮರಳಿ, “ಅವನಿಗೂ ನನ್ನಷ್ಟು ಕೈ ನೋವು ಬಂದಿರಲ್ಲ. ಅವನಿಗಾದ್ರೂ ನಡುವೆ ಒಂದು ಸಿಂಹ, ಒಂದು ಕುದುರೆ ಸಿಕ್ತು. ನಂಗೆ ಬೆಳಗಾದ್ರೆ ಅದೇ ಐದಕ್ಷರ.”

ಹನ್ನೊಂದನೆಯ ಗಂಟು ಇಟ್ಟ. ನಗು ತಾನಾಗಿ ನಿಂತಿತು.

ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ಹಾಳೆ ಉಬ್ಬುತ್ತದೆ. ಬರೆಯದ್ದು ಅಂಗಡಿಯಿಂದ ತಂದ ಹಾಗೆಯೇ ಚಪ್ಪಟೆಯಾಗಿರುತ್ತದೆ. ಈ ಒಂದು ಸಂಗತಿ ಕುಮಾರಸ್ವಾಮಿಯ ಯಾವ ಲೆಕ್ಕದಲ್ಲೂ ಬಂದಿರಲಿಲ್ಲ. ಹತ್ತು ಗಂಟುಗಳು ಹಿಟ್ಟು ಉಬ್ಬಿದಂತೆ ಒಂದೇ ಎತ್ತರಕ್ಕೆ ನಿಂತಿದ್ದವು. ಅವನದು ನಾಲ್ಕು ಬೆರಳು ಕುಳ್ಳಗಿತ್ತು.

“ಯಾಕ್ಲಾ ಕುಮಾರ, ನಿಂದು ಮೋಟಾಗೈತೆ?” ಎಂದರು ಗಂಗಾಧರಯ್ಯನವರು. ಐವತ್ತು ವರ್ಷ ಅಟ್ಟದ ಮೇಲಿನ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳಿದವರು. ಎದ್ದು ಬಂದು ಗಂಟಿನ ಮೇಲೆ ಅಂಗೈ ಇಟ್ಟು ಒತ್ತಿದರು. ಪಕ್ಕದ ಗಂಟನ್ನೂ ಒತ್ತಿದರು. ಮತ್ತೆ ಮಗನದನ್ನು. ಮಗನ ಮುಖ ನೋಡಿದರು. ಬಿಚ್ಚಲಿಲ್ಲ, ಬಿಚ್ಚುವ ಅಗತ್ಯವೂ ಕಾಣಲಿಲ್ಲ.

“ನೀನೇ ಬಿಚ್ಚು,” ಎಂದರು.

ಕುಮಾರಸ್ವಾಮಿ ಬಿಚ್ಚಿದ. ಮೊದಲ ಐದು ಪುಸ್ತಕ ಆದ ಮೇಲೆ ಆರನೆಯದು ಹೊಸದರ ವಾಸನೆ ಬಿಡುತ್ತಾ ತೆರೆದುಕೊಂಡಿತು. ಏಳನೆಯದೂ ಹಾಗೆಯೇ. ಯಾರೂ ಎಂಟನೆಯದನ್ನು ಕೇಳಲಿಲ್ಲ.

ತಮ್ಮ ಪಾಲು ಬರೆದು ಮುಗಿಸುವ ಹೊತ್ತಿಗೆ ಗುರುಸಿದ್ದಮ್ಮನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾಗಿತ್ತು. ಆದರೆ ಬಿಳಿ ಹಾಳೆ ಬಿಳಿಯಾಗಿರುವುದು ಪೊರೆಗೂ ಕಾಣುತ್ತದೆ. ಬೈಯುತ್ತಾರೆಂದು ಅವನು ಕಾದ. ಬೈದರೆ ಅಳಬಹುದು, ಅತ್ತರೆ ಮುಗಿಯಬಹುದು ಎಂಬ ಒಂದು ಆಸೆ.

“ಎಷ್ಟು ಉಳೀತು?” ಎಂದರು ಅವರು.

“ಏಳು ಲಕ್ಷದ ಐವತ್ತೊಂಬತ್ತು ಸಾವಿರದ ತೊಂಬತ್ತೊಂದು.”

“ಸರಿ. ಬರಿ. ಆದ ಮೇಲೆ ಮೈಸೂರಿಗೆ ಹೋಗಾನ.”

ಆಗ ಮನೆಯೆಲ್ಲ ಒಟ್ಟಿಗೆ ಮಾತಾಡಿತು. ಶರತ್ಚಂದ್ರ ಮುಂದೆ ಬಂದ. “ಅಮ್ಮ, ಅಣ್ಣ ಒಬ್ಬನೇ ಎಲ್ಲಿ ಬರೀತಾನೆ? ನಾವು ಹತ್ತು ಜನ ಹಂಚ್ಕೊಂಡ್ರೆ…”

“ಎಪ್ಪತ್ತೈದು ಸಾವಿರದ ಒಂಬೈನೂರ ಒಂಬತ್ತು ಬಂದು ಒಂದು ಉಳಿಯುತ್ತೆ,” ಎಂದಿತು ಕುಮಾರಸ್ವಾಮಿಯ ಬಾಯಿ, ಅವನನ್ನು ಕೇಳದೆಯೇ.

“ಬಾಯಿ ಮುಚ್ಕೊಂಡು ಇರೋಕಾಗಲ್ವಾ ನಿಮಗೆ!” ಎಂದಳು ಹೇಮಲತಾ, ಹಲ್ಲು ಕಚ್ಚಿ.

“ಭಾವನೂ ಸೇರಿ ಹನ್ನೊಂದಕ್ಕೆ?” ಎಂದ ಇಂದ್ರೇಶ್, ಮೆಲ್ಲಗೆ.

“ಮೂರು ಉಳಿಯುತ್ತೆ.”

“ಉಳೀಲಿ ಬಿಡಲಿ, ನನಗೆ ಬೇಡ,” ಎಂದರು ಗುರುಸಿದ್ದಮ್ಮ. “ನಿಮ್ಮ ನಿಮ್ಮ ಪಾಲು ಮುಗಿದೈತೆ. ಇನ್ನು ನೀವು ಒಂದು ಬರೆದ್ರೂ ಸಮ ಹೋಯ್ತು. ಇದು ಅವನ ಪಾಲು.”

ಕುಮಾರಸ್ವಾಮಿ ತಾಯಿಯ ಮುಂದೆ ನೆಲದ ಮೇಲೆ ಕೂತ. ಮೂವತ್ತು ವರ್ಷ ಕಲಿಸಿದ್ದು ಈಗಲಾದರೂ ಉಪಯೋಗಕ್ಕೆ ಬರಲಿ ಎಂದು ಶುರು ಮಾಡಿದ. “ಅಮ್ಮ, ಈ ಹನ್ನೊಂದು ಶಿವ ಕೊಟ್ಟಿದ್ದಲ್ಲ. ಅದು ಆ ಸಂಖ್ಯೆಯ ಗುಣ. ನೀನು ಸಾವಿರದ ಮೇಲೊಂದು ಅಂದಿದ್ರೂ ಹನ್ನೊಂದಕ್ಕೆ ಹೋಗ್ತಿತ್ತು, ತೊಂಬತ್ತೊಂದು ಬರ್ತಿತ್ತು. ಲಕ್ಷದ ಮೇಲೊಂದು ಅಂದಿದ್ರೂ ಹೋಗ್ತಿತ್ತು, ಒಂಬತ್ತು ಸಾವಿರದ ತೊಂಬತ್ತೊಂದು ಬರ್ತಿತ್ತು. ಅದರಲ್ಲಿ ಪವಾಡ ಏನೂ ಇಲ್ಲ.”

ಗುರುಸಿದ್ದಮ್ಮನ ಮುಖ ಅರಳಿತು. “ಎಲ್ಲಾದ್ರಲ್ಲೂ ಹನ್ನೊಂದೇ ಬತ್ತೈತಾ?”

“ಎಲ್ಲಾದ್ರಲ್ಲೂ ಅಲ್ಲಮ್ಮ. ಸೊನ್ನೆಗಳು ಬೆಸ ಇದ್ರೆ ಮಾತ್ರ. ಹತ್ತು ಲಕ್ಷದ ಮೇಲೊಂದು ಅಂತ ನೀನು ಹೇಳಿದ್ರೆ ಹೋಗ್ತಾ ಇರಲಿಲ್ಲ. ನೋಡು, ಬರೀ ಆಕಸ್ಮಿಕ.”

“ಅದಕ್ಕೇ ನನ್ನ ಬಾಯಲ್ಲಿ ಹತ್ತು ಲಕ್ಷ ಬರಲಿಲ್ಲ,” ಎಂದರು ಅವರು ಸಮಾಧಾನವಾಗಿ.

ಅವನು ಇಂದ್ರೇಶನ ಕಡೆ ನೋಡಿದ. ಹಾಸನ ಜಿಲ್ಲೆಯ ಎಲ್ಲ ಧ್ವನಿಗಳನ್ನೂ ಬಲ್ಲ ಇಂದ್ರೇಶ್ ಒಂದನ್ನೂ ತೆಗೆಯದೆ ಕಿಟಕಿಯಾಚೆ ನೋಡುತ್ತಿದ್ದ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಗುರುಸಿದ್ದಮ್ಮ ಮಗನ ಕೈ ಹಿಡಿದು ಕೂರಿಸಿಕೊಂಡರು. “ಹಟ ಅಂತ ತಿಳ್ಕಬೇಡ ಕಣೋ. ನನ್ನ ಜೀವದ ಮೇಲಿನ ಆಸೆಗೆ ಹೇಳ್ತಿಲ್ಲ. ಅವತ್ತು ಇವರನ್ನ ಬೇಡಿ ಈಸ್ಕೊಂಡು ಬಂದಿದೀನಿ. ಮಾತು ಅರ್ಧಕ್ಕೆ ಬಿಟ್ಟು ನಾನು ಆ ಟೇಬಲ್ ಮೇಲೆ ಮಲಕ್ಕಂಡು, ಏಳದೇ ಹೋದ್ರೆ? ಕೊಡಬೇಕಾದ್ದು ಹಂಗೇ ನಿಲ್ಲುತ್ತೆ. ಆಗ ಆ ಶಿವ ಯಾರನ್ನ ವಾಪಸ್ ಕೇಳ್ತಾನೆ? ಇವರನ್ನೇ ತಾನೆ.”

ಒಳಗೆ ಗಂಗಾಧರಯ್ಯನವರು ಮಜ್ಜಿಗೆ ಸಾಕು, ಸಾಕು ಎನ್ನುತ್ತಿದ್ದರು. ತಾಯಿ ಆ ಧ್ವನಿಯನ್ನೇ ಕೇಳುತ್ತಾ ಕೂತಿದ್ದರು.

ಕಾಲೇಜಿಗೆ ರಜೆ ಬರೆದು ಹಾಕಿ ಮಾರನೆಯ ದಿನ ಬೆಳಗ್ಗೆ ಆರಕ್ಕೆ ಕೂತ. ಒಂದಕ್ಕೆ ನಾಲ್ಕು ಸೆಕೆಂಡು. ನಿಮಿಷಕ್ಕೆ ಹದಿನೈದು, ಗಂಟೆಗೆ ಒಂಬೈನೂರು, ದಿನಕ್ಕೆ ಹತ್ತು ಗಂಟೆ ಕೂತರೆ ಒಂಬತ್ತು ಸಾವಿರ. ಉಳಿದದ್ದಕ್ಕೆ ಎಂಬತ್ತೈದು ದಿನ ಬೇಕು. ಕೈಯಲ್ಲಿರುವುದು ಇಪ್ಪತ್ತೊಂಬತ್ತು. ಈ ಲೆಕ್ಕವನ್ನು ಅವನು ಎಷ್ಟು ಸಲ ಮಾಡಿದರೂ ಉತ್ತರ ಬದಲಾಗಲಿಲ್ಲ. ಗಣಿತದಲ್ಲಿ ಅವನಿಗೆ ಇಷ್ಟವಾಗಿದ್ದ ಗುಣವೇ ಅದು.

ಗುರುಸಿದ್ದಮ್ಮ ಅವನ ಪಕ್ಕದಲ್ಲೇ ಬೆತ್ತದ ಕುರ್ಚಿ ಹಾಕಿಸಿಕೊಂಡರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಗಲೂ ಕೂತೇ ತೂಕಡಿಸುತ್ತಿದ್ದರು. ಮೂರನೇ ದಿನ ಸ್ವಾತಿ ಅಪ್ಪನ ಕಿವಿಯಲ್ಲಿ, “ಎರಡು ಪೆನ್ನಿಗೆ ರಬ್ಬರ್ ಬ್ಯಾಂಡ್ ಹಾಕ್ಕೊಪ್ಪಾ, ಒಂದೇ ಸಲಕ್ಕೆ ಎರಡು ಲೈನ್ ಆಗುತ್ತೆ. ನಾವು ಇಂಪೊಸಿಷನ್ ಬರೀತಿದ್ದಿದ್ದೇ ಹಂಗೆ,” ಎಂದು ಹೇಳಿಕೊಟ್ಟಳು. ಮೂವತ್ತು ವರ್ಷ ಮಕ್ಕಳಿಗೆ ಇಂಪೊಸಿಷನ್ ಕೊಟ್ಟವನು ತಲೆ ತಗ್ಗಿಸಿ ಎರಡು ಪೆನ್ನು ಕಟ್ಟಿಕೊಂಡ. ಅರ್ಧ ಪುಟ ಆಗಿರಲಿಲ್ಲ.

“ಎರಡು ಪೆನ್ನಿನ ಸದ್ದು ಬತ್ತಾ ಐತೆ,” ಎಂದರು ಗುರುಸಿದ್ದಮ್ಮ, ಕಣ್ಣು ಮುಚ್ಚಿಕೊಂಡೇ.

ಅವನು ರಬ್ಬರ್ ಬ್ಯಾಂಡು ಬಿಚ್ಚಿ ಆ ಪುಟವನ್ನು ಹರಿದ.

ಹತ್ತನೇ ದಿನಕ್ಕೆ ತೋರುಬೆರಳು ಬಾತುಕೊಂಡಿತು. ಪೆನ್ನನ್ನು ನಡುಬೆರಳಿಗೆ ದಾಟಿಸಿದ. ಹದಿನೈದನೇ ದಿನಕ್ಕೆ ಅಕ್ಷರಗಳು ಅರ್ಥ ಕಳೆದುಕೊಂಡು ಬರೀ ಬಳ್ಳಿಗಳಾದವು. ಒಂಬತ್ತು ಲಕ್ಷ ಎಂಬುದನ್ನು ಅವನು ಇಷ್ಟು ಕಾಲ ಹೊರಗಿನಿಂದ ನೋಡಿದ್ದ: ಯಾರು ಭಾಗಿಸುತ್ತಾರೆ, ಯಾರು ಭಾಗಿಸುವುದಿಲ್ಲ, ಅಂಕಿಗಳು ಎಷ್ಟು ಚೆಂದ ಕೂತಿವೆ. ಈಗ ಅದರ ಒಳಗಿದ್ದ. ಒಳಗೆ ಅಂಕಿಗಳಿರಲಿಲ್ಲ. ಒಂದು ಇತ್ತು, ಆಮೇಲೆ ಒಂದು, ಆಮೇಲೆ ಇನ್ನೊಂದು.

ಇಪ್ಪತ್ತನೇ ದಿನದ ಹೊತ್ತಿಗೆ ತಾಯಿಯ ಪಾದ ಊದಿಕೊಂಡಿತು. ಅವನಿಗೆ ತಿಳಿಯದಂತೆಯೇ ಒಂದು ಎಣಿಕೆ ಶುರುವಾಗಿತ್ತು: ಅವನು ಒಂದು ‘ನಮಃ ಶಿವಾಯ’ ಮುಗಿಸುವುದರೊಳಗೆ ಅವರು ಎರಡು ಸಲ ಉಸಿರೆಳೆಯುತ್ತಿದ್ದರು. ಅವನು ಬೇಗ ಬೇಗ ಬರೆದ. ಅವರ ಉಸಿರೂ ಬೇಗವಾಯಿತು.

“ನಿಧಾನಕ್ಕೆ ಬರಿ ಮಗ,” ಎಂದರು ಅವರು. “ಅಕ್ಷರ ಕೆಟ್ಟೋಗುತ್ತೆ.”

ಇಪ್ಪತ್ತೊಂಬತ್ತನೇ ದಿನ ಭಾನುವಾರ ನಸುಕಿಗೆ ಅವರಿಗೆ ಉಸಿರು ತೀರಾ ಸಾಲದೆ, ಗಂಗಾಧರಯ್ಯನವರು ಯಾರ ಮಾತೂ ಕೇಳದೆ ಕಾರು ತರಿಸಿದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕುಮಾರಸ್ವಾಮಿ ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬರೆದ. ಮೈಸೂರಿನಲ್ಲಿ ಅಡ್ಮಿಟ್ ಮಾಡಿಕೊಂಡು ಆಕ್ಸಿಜನ್ ಕೊಟ್ಟ ಮೇಲೆ ಅವರು ಸ್ವಲ್ಪ ಸುಧಾರಿಸಿದರು. ನಾಳೆ ಬೆಳಗ್ಗೆ ಆಪರೇಷನ್, ಮಧ್ಯಾಹ್ನದೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಆಗಬೇಕು ಎಂದರು ಡಾಕ್ಟರು. ಪೇಷೆಂಟಿಗೆ ಪ್ರಜ್ಞೆ ಇದೆ, ಬುದ್ಧಿ ಸ್ವಾಧೀನದಲ್ಲಿದೆ; ಅವರು ಒಪ್ಪದೆ ನಾವು ಮುಟ್ಟುವುದಿಲ್ಲ.

ವರಾಂಡದಲ್ಲಿ ಗಂಗಾಧರಯ್ಯನವರು ಮಗನನ್ನು ಗೋಡೆಯ ಕಡೆಗೆ ಕರೆದೊಯ್ದರು. “ಆಯ್ತು ಅಂತ ಹೇಳ್ಬಿಡು.”

“ಅಪ್ಪ…”

“ಅವಳ ಕಣ್ಣಿಗೆ ಪುಸ್ತಕ ಕಾಣಲ್ಲ. ಅವಳು ಕೇಳೋದು ನಿನ್ನೊಬ್ಬನ್ನೇ, ನಂಬೋದು ನಿನ್ನೊಬ್ಬನ ಲೆಕ್ಕಾನೇ. ನನ್ನ ಜೀವಕ್ಕೆ ಅಂತ ಹೊತ್ತ ಹರಕೆ ಅಲ್ವೇನ್ಲಾ? ನಾನೇ ಹೇಳ್ತಾ ಇದೀನಿ. ಏನು ಬತ್ತೈತೋ ನನಗೆ ಬರಲಿ.” ಟವೆಲ್ಲಿನಿಂದ ಮೂಗು ಒರೆಸಿಕೊಂಡರು. “ನಾಲ್ಕು ವರ್ಷ ಮಾಡಿದ್ದೀಯಲ್ಲ. ಇನ್ನೊಂದು ಸಲ.”

ಕುಮಾರಸ್ವಾಮಿ ಹೂಂ ಎಂದ. ಬಾತ್‌ರೂಮಿಗೆ ಹೋಗಿ ಕನ್ನಡಿಯ ಮುಂದೆ ನಿಂತು “ಆಯ್ತಮ್ಮ” ಎಂದು ಹೇಳಿ ನೋಡಿಕೊಂಡ. ಸಲೀಸಾಗಿ ಬಂತು. ಇನ್ನೊಮ್ಮೆ ಹೇಳಿದ, ಸ್ವಲ್ಪ ದಣಿವು ಸೇರಿಸಿ. ಅದಿನ್ನೂ ಚೆನ್ನಾಗಿತ್ತು. ನಾಲ್ಕು ವರ್ಷದಲ್ಲಿ ಮಾಡಿದ್ದೆಲ್ಲ ಬಾಯಿ ಬಿಡದೆ ಮಾಡಿದ್ದು, ಈಗ ಬಾಯಿ ಬಿಡಬೇಕು, ಅಷ್ಟೇ ವ್ಯತ್ಯಾಸ.

ವಾರ್ಡಿನಲ್ಲಿ ಗುರುಸಿದ್ದಮ್ಮ ದಿಂಬಿಗೆ ಒರಗಿ ಕೂತಿದ್ದರು. ನರ್ಸು ಕಾಗದ ಹಿಡಿದ ಹಲಗೆಯನ್ನೂ ಪೆನ್ನನ್ನೂ ಅವರ ಕೈಗೆ ಕೊಟ್ಟು, ಸಹಿ ಹಾಕುವ ಜಾಗದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಗಂಗಾಧರಯ್ಯನವರು ಮಂಚದ ಕಾಲ ಬಳಿ ನಿಂತರು. ತಾಯಿ ಮಗನ ಕಡೆ ತಿರುಗಿದರು. ‘ಮುಗೀತಾ?’ ಎಂದು ಕೇಳಿದ್ದರೆ ಏನಾಗುತ್ತಿತ್ತೋ. ಅವರು ಹಾಗೆ ಕೇಳಲಿಲ್ಲ.

“ಇನ್ನೆಷ್ಟೈತೋ?” ಎಂದರು.

“ನಾಲ್ಕು ಲಕ್ಷದ ತೊಂಬತ್ತೆಂಟು ಸಾವಿರದ ತೊಂಬತ್ತೊಂದು.”

ಅಷ್ಟನ್ನೂ ಹೇಳಿ ಮುಗಿಸಿದ ಮೇಲೆಯೇ ತಾನು ಹೇಳಿದ್ದೇನೆಂದು ಅವನಿಗೆ ಕೇಳಿಸಿತು. ಸಂಖ್ಯೆ ಕೇಳಿದವರಿಗೆ ಜೀವಮಾನದಲ್ಲಿ ಅವನು ತಪ್ಪು ಉತ್ತರ ಕೊಟ್ಟಿರಲಿಲ್ಲ. ಹೇಗೆ ಕೊಡುವುದೆಂದು ಬಾಯಿಗೆ ಗೊತ್ತಿರಲಿಲ್ಲ.

ಗಂಗಾಧರಯ್ಯನವರು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಹೊರಗೆ ಹೋದರು.

“ಅಮ್ಮ, ಆಪರೇಷನ್ ಆದ ಮೇಲೆ ಬರೀತೀನಿ. ನಿನ್ನಾಣೆ. ಒಂದೂ ಬಿಡದೆ ಬರೀತೀನಿ.”

“ಬರೀತೀಯ. ಗೊತ್ತು,” ಎಂದರು ಗುರುಸಿದ್ದಮ್ಮ. ಪೆನ್ನಿನ ಮುಚ್ಚಳ ಹುಡುಕಿ ಹಾಕಿ ಹಲಗೆಯ ಜೊತೆ ನರ್ಸಿನ ಕೈಗೆ ಹಿಂದಕ್ಕೆ ಕೊಟ್ಟರು. “ಈಗ ಬೇಡ ಕಣಮ್ಮ. ನನ್ನ ಮಗಂದು ಒಂಚೂರು ಕೆಲಸ ಬಾಕಿ ಐತೆ.”

“ಅಜ್ಜಿ, ನಾಳೆ ಬಿಟ್ರೆ ಮತ್ತೆ ಯಾವಾಗ ಡೇಟ್ ಸಿಗುತ್ತೋ ಹೇಳಕ್ಕಾಗಲ್ಲ,” ಎಂದಳು ನರ್ಸು. ಕುಮಾರಸ್ವಾಮಿಯನ್ನು ನೋಡಿದಳು, ನೀವಾದರೂ ಹೇಳಿ ಎಂಬಂತೆ. ಅವನು ತನ್ನ ಬಾತ ಬೆರಳನ್ನು ನೋಡಿಕೊಂಡ.

ನರ್ಸು ಹೋದಳು. ಗುರುಸಿದ್ದಮ್ಮ ಊದಿದ ಕಾಲನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟುಕೊಂಡು, ಮಂಚದ ಮೇಲೆ ಒಂದು ನೋಟ್‌ಬುಕ್ಕಿನಷ್ಟು ಜಾಗ ಮಾಡಿದರು. ಹೊದಿಕೆಯನ್ನು ಅಂಗೈಯಿಂದ ಸವರಿ ಸರಿಮಾಡಿದರು.

ಅವನು ಸ್ಟೂಲು ಎಳೆದುಕೊಂಡು ಕೂತು ಒಂದು ಬರೆದ. ಉಳಿದದ್ದು ನಾಲ್ಕು ಲಕ್ಷದ ತೊಂಬತ್ತೆಂಟು ಸಾವಿರದ ತೊಂಬತ್ತು. ಇದು ಎರಡಕ್ಕೆ ಹೋಗುತ್ತದೆ. ಮೂರಕ್ಕೆ, ಐದಕ್ಕೆ, ಹತ್ತಕ್ಕೂ ಹೋಗುತ್ತದೆ. ಎಷ್ಟು ಜನ ಬಂದು ಕೂತರೂ ಹಂಚಿಕೊಳ್ಳಬಹುದಾದ ಧಾರಾಳಿ ಸಂಖ್ಯೆ. ಮುಂದಿನದನ್ನು ಬರೆಯತೊಡಗಿದ. ಅವನು ಅದನ್ನು ಮುಗಿಸುವುದರೊಳಗೆ ತಾಯಿ ಮೂರು ಸಲ ಉಸಿರೆಳೆದರು.